ಆರು ಲಕ್ಷ ಕೊಟ್ಟರೆ ಕಾರು ತಾನೇ ಓಡುತ್ತದೆಯೇ?

2025ರ ಜುಲೈ 15ರಂದು ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಟೆಸ್ಲಾದ ಮೊದಲ ಶೋರೂಂ ತೆರೆದಾಗ ಎಲ್ಲರ ಕಣ್ಣು ಬಿದ್ದದ್ದು ಮಾಡೆಲ್ ವೈ ಕಾರಿನ 59.89 ಲಕ್ಷ ರೂಪಾಯಿ ಬೆಲೆಯ ಮೇಲೆ. ಅದೇ ಬೆಲೆಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು. ‘ಫುಲ್ ಸೆಲ್ಫ್ ಡ್ರೈವಿಂಗ್’, ಅಂದರೆ ಪೂರ್ಣ ಸ್ವಯಂಚಾಲನೆ, ಎಂಬ ಹೆಸರಿನ ತಂತ್ರಾಂಶ ಬೇಕಿದ್ದರೆ ಮೇಲೆ ಇನ್ನೂ 6 ಲಕ್ಷ ರೂಪಾಯಿ. ಚಾಲಕ ಸದಾ ನಿಗಾ ಇಟ್ಟಿರಲೇಬೇಕು, ಇದರಿಂದ ಕಾರು ಸ್ವಯಂಚಾಲಿತವಾಗುವುದಿಲ್ಲ ಎಂಬ ಒಕ್ಕಣೆಯೂ ಕಂಪನಿಯದ್ದೇ. ಅಂದು ಭಾರತದ ಯಾವ ರಸ್ತೆಯಲ್ಲೂ ಆ ತಂತ್ರಾಂಶ ಚಾಲ್ತಿಯಲ್ಲಿರಲಿಲ್ಲ.

ಆರು ತಿಂಗಳ ನಂತರ, 2026ರ ಜನವರಿಯಲ್ಲಿ, ಎಲಾನ್ ಮಸ್ಕ್ ಇನ್ನೊಂದು ಸುದ್ದಿ ಕೊಟ್ಟರು. ಫೆಬ್ರುವರಿ 14ರ ಬಳಿಕ ಈ ತಂತ್ರಾಂಶವನ್ನು ಒಮ್ಮೆಗೇ ಹಣ ಪಡೆದು ಮಾರುವುದಿಲ್ಲ, ತಿಂಗಳ ಚಂದಾಕ್ಕೆ ಮಾತ್ರ ಕೊಡುತ್ತೇವೆ ಎಂದರು. ಸುಮಾರು ಹತ್ತು ವರ್ಷ ‘ಈಗಲೇ ಕೊಳ್ಳಿ, ಮುಂದೆ ದುಬಾರಿಯಾಗುತ್ತದೆ’ ಎಂದು ಮಾರಿದ ಸರಕು ಹೀಗೆ ಬಾಡಿಗೆಯ ಸರಕಾಯಿತು.

ಇತ್ತ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಶೋರೂಂಗಳಲ್ಲಿ ಹತ್ತು ಹದಿನೈದು ಲಕ್ಷದ ಕಾರು ನೋಡಲು ಹೋದವರಿಗೂ ‘ಲೆವೆಲ್ 2 ಅಡಾಸ್ ಇದೆ ಸರ್, ಗಾಡಿ ತಾನೇ ಬ್ರೇಕ್ ಹಾಕುತ್ತೆ, ಲೇನ್ ಹಿಡಿಯುತ್ತೆ’ ಎಂಬ ಮಾತು ಕೇಳಿಬರುತ್ತಿದೆ. ಅಡಾಸ್ ಎಂದರೆ ಚಾಲಕನಿಗೆ ನೆರವಾಗುವ ಸುಧಾರಿತ ವ್ಯವಸ್ಥೆಗಳು. ಅದಕ್ಕಾಗಿ ಟಾಪ್ ಮಾಡೆಲ್‌ಗೆ ಹೋಗಬೇಕು. ಟೆಸ್ಲಾದ ಆರು ಲಕ್ಷಕ್ಕೂ ಈ ಟಾಪ್ ಮಾಡೆಲ್‌ನ ಹೆಚ್ಚುವರಿ ಹಣಕ್ಕೂ ಸಂಬಂಧವಿದೆಯೇ? ಯಾವುದಕ್ಕೆ ಕೊಡಬಹುದು, ಯಾವುದಕ್ಕೆ ಕೊಡಬಾರದು?

ಒಂದೇ ಪೊಟ್ಟಣದಲ್ಲಿ ಮೂರು ಸರಕು

ಗೊಂದಲ ಹುಟ್ಟುವುದು ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿ ಮಾರುವುದರಿಂದ.

ಮೊದಲನೆಯದು ಕೊನೆಯ ಕ್ಷಣದ ಕಾವಲು. ಮುಂದಿನ ಗಾಡಿ ಗಕ್ಕನೆ ನಿಂತಿದೆ, ನೀವು ನೋಡಿಲ್ಲ. ಕಾರು ಮೊದಲು ಕೂಗಿ ಎಚ್ಚರಿಸುತ್ತದೆ, ನಿಮ್ಮ ಕಾಲು ಬ್ರೇಕಿಗೆ ಹೋಗದಿದ್ದರೆ ತಾನೇ ಬ್ರೇಕ್ ಒತ್ತುತ್ತದೆ. ಇದೇ ತುರ್ತು ಬ್ರೇಕ್. ಉಳಿದ ಹೊತ್ತೆಲ್ಲ ಅದು ಸುಮ್ಮನಿರುತ್ತದೆ. ಇಲ್ಲಿ ಓಡಿಸುವವರು ನೀವು, ಕಾಯುವುದು ಯಂತ್ರ.

ಎರಡನೆಯದು ಓಡಿಸುವ ಸುಖ. ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡು ವೇಗ ಏರಿಸುವುದು, ಇಳಿಸುವುದು, ಲೇನಿನ ನಡುವೆ ಸ್ಟೇರಿಂಗ್ ತಿರುಗಿಸುತ್ತ ಹೋಗುವುದು. ಇಲ್ಲಿ ಕೆಲಸ ಅದಲುಬದಲಾಗುತ್ತದೆ. ಓಡಿಸುವುದು ಯಂತ್ರ, ಕಾಯುವವರು ನೀವು. ಟೆಸ್ಲಾದ ಫುಲ್ ಸೆಲ್ಫ್ ಡ್ರೈವಿಂಗ್ ಇದೇ ಗುಂಪಿನ ಬಲು ಮುಂದುವರಿದ ರೂಪ. ನಗರದ ಸಿಗ್ನಲ್, ತಿರುವುಗಳನ್ನೂ ಅದು ನಿಭಾಯಿಸಲು ನೋಡುತ್ತದೆ.

ಮೂರನೆಯದು ವಸ್ತುವೇ ಅಲ್ಲ, ಮಾತು. ‘ಒಂದು ದಿನ ಅಪ್‌ಡೇಟ್ ಬರುತ್ತದೆ, ಆಗ ನೀವು ಹಿಂದಿನ ಸೀಟಿನಲ್ಲಿ ಮಲಗಿ ಹೋಗಬಹುದು’ ಎಂಬ ಮಾತು.

ಮೊದಲನೆಯದು ಅಗ್ಗ, ಅದರ ಲಾಭಕ್ಕೆ ಗಟ್ಟಿಯಾದ ಪುರಾವೆಯಿದೆ. ಎರಡನೆಯದು ದುಬಾರಿ, ಸುಖ ನಿಜವಾದರೂ ಸುರಕ್ಷತೆಯ ಲಾಭ ಸಾಬೀತಾಗಿಲ್ಲ. ಮೂರನೆಯದಕ್ಕೆ ಹಣ ಕಟ್ಟುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಲೆವೆಲ್ 2: ಆರು ಲಕ್ಷದ್ದೂ ಅದೇ, ಕ್ರೆಟಾದ್ದೂ ಅದೇ

ವಾಹನ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಎಸ್‌ಎಇ 2014ರಲ್ಲಿ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸಿತು. ಕೊಳ್ಳುವವರು ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಎರಡಕ್ಕೂ ಮೂರಕ್ಕೂ ನಡುವಿನ ಗೆರೆ ಗೊತ್ತಿದ್ದರೆ ಸಾಕು. ಲೆವೆಲ್ 2ರವರೆಗೆ ಕಾರು ಎಷ್ಟೇ ಕೆಲಸ ಮಾಡಿದರೂ ಚಾಲಕ ನೀವೇ, ಕಣ್ಣು ರಸ್ತೆಯ ಮೇಲಿರಬೇಕು. ಲೆವೆಲ್ 3ರಲ್ಲಿ, ಗೊತ್ತುಪಡಿಸಿದ ಸನ್ನಿವೇಶದಲ್ಲಿ, ಯಂತ್ರವೇ ಚಾಲಕ. ಅದು ‘ಈಗ ನೀವು ತೆಗೆದುಕೊಳ್ಳಿ’ ಎಂದು ಕೇಳುವವರೆಗೆ ನೀವು ಬೇರೆ ಕಡೆ ನೋಡಬಹುದು.

ಟೆಸ್ಲಾದ ತಂತ್ರಾಂಶ ಲೆವೆಲ್ 2. ಹ್ಯುಂಡೈ ಕ್ರೆಟಾ, ಮಹೀಂದ್ರಾ ಎಕ್ಸ್‌ಯುವಿ700, ಟಾಟಾ ಹ್ಯಾರಿಯರ್‌ಗಳ ಟಾಪ್ ಮಾಡೆಲ್‌ನಲ್ಲಿರುವುದೂ ಲೆವೆಲ್ 2. ಕೌಶಲದಲ್ಲಿ ಇವುಗಳ ನಡುವೆ ಅಜಗಜಾಂತರವಿದೆ, ಹೊಣೆಗಾರಿಕೆಯಲ್ಲಿ ಎಳ್ಳಷ್ಟೂ ಇಲ್ಲ. ಲೆವೆಲ್ ಸಂಖ್ಯೆ ಹೇಳುವುದು ಕಾರಿನ ಜಾಣತನವನ್ನಲ್ಲ, ಯಾರು ಚಾಲಕ ಎಂಬುದನ್ನು. ಮಾರಾಟದ ಮಾತಿನಲ್ಲಿ ಈ ಸೂಕ್ಷ್ಮ ಮೊದಲು ಕಳೆದುಹೋಗುತ್ತದೆ. ಟೆಸ್ಲಾ ಕೂಡ ತನ್ನ ಸರಕಿನ ಹೆಸರಿಗೆ ‘ಸೂಪರ್‌ವೈಸ್ಡ್’, ಅಂದರೆ ಚಾಲಕನ ನಿಗಾದಲ್ಲಿ, ಎಂಬ ಪದ ಸೇರಿಸಿದ್ದು 2024ರಲ್ಲಿ. ಅಷ್ಟರಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲದ ಮಾರಾಟ ನಡೆದಿತ್ತು.

ಬೆಲೆ ಏರಿದ, ಇಳಿದ ಕಥೆ

ಮುಂಗಡ ಹಣ ಕಟ್ಟಿದವರಿಗೆ ಏನಾಯಿತು ಎಂದು ತಿಳಿಯಲು ಅಮೆರಿಕದ ಅನುಭವವನ್ನು ತುಸು ನಿಧಾನವಾಗಿ ನೋಡಬೇಕು.

2016ರ ಅಕ್ಟೋಬರ್‌ನಲ್ಲಿ ಟೆಸ್ಲಾ, ಇನ್ನು ಮುಂದೆ ತಯಾರಾಗುವ ಪ್ರತಿ ಕಾರಿನಲ್ಲೂ ಪೂರ್ಣ ಸ್ವಯಂಚಾಲನೆಗೆ ಬೇಕಾದ ಯಂತ್ರಭಾಗಗಳು ಇರುತ್ತವೆ ಎಂದು ಸಾರಿತು. ತಂತ್ರಾಂಶ ಸಿದ್ಧವಾದ ಹಾಗೆ ಇಂಟರ್ನೆಟ್ ಮೂಲಕ ಕಾರಿಗೆ ಇಳಿಯುತ್ತದೆ ಎಂಬುದು ಭರವಸೆ. ಆಗಿನ ಬೆಲೆ 3,000 ಡಾಲರ್, ಅದೂ 5,000 ಡಾಲರ್‌ನ ‘ಸುಧಾರಿತ ಆಟೊಪೈಲಟ್’ ಎಂಬ ಚಾಲನಾ ನೆರವನ್ನು ಕೊಂಡವರಿಗೆ. 2019ರ ಏಪ್ರಿಲ್‌ನಲ್ಲಿ ಮಸ್ಕ್, ಮರುವರ್ಷವೇ ಹತ್ತು ಲಕ್ಷ ರೋಬೊಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಎಂದರು. ಮಾಲೀಕ ಮಲಗಿದ್ದಾಗ ಕಾರು ಬಾಡಿಗೆ ಓಡಿ ಹಣ ತರುತ್ತದೆ, ಹಾಗಾಗಿ ಈ ಕಾರಿನ ಬೆಲೆ ವರ್ಷ ಕಳೆದಂತೆ ಏರುತ್ತದೆ ಎಂಬುದು ಅವರ ವಾದವಾಗಿತ್ತು.

ಏರಿದ್ದು ತಂತ್ರಾಂಶದ ಬೆಲೆ. 2020ರ ಅಕ್ಟೋಬರ್‌ನಲ್ಲಿ 10,000 ಡಾಲರ್, 2022ರ ಜನವರಿಯಲ್ಲಿ 12,000, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 15,000. ಪ್ರತಿ ಏರಿಕೆಯೂ ‘ಇವತ್ತೇ ಕೊಳ್ಳದಿದ್ದರೆ ನಷ್ಟ’ ಎಂಬ ಅವಸರ ಹುಟ್ಟಿಸಿತು. ಆಮೇಲೆ ಚಕ್ರ ಹಿಂದಕ್ಕೆ ತಿರುಗಿತು. 2023ರ ಸೆಪ್ಟೆಂಬರ್‌ನಲ್ಲಿ ಮತ್ತೆ 12,000, 2024ರ ಏಪ್ರಿಲ್‌ನಲ್ಲಿ 8,000. ತಿಂಗಳ ಚಂದಾ ಕೂಡ 199 ಡಾಲರ್‌ನಿಂದ 99ಕ್ಕೆ ಇಳಿಯಿತು.

ಗಮನಿಸಬೇಕಾದ ವಿಚಿತ್ರ ಇಲ್ಲಿದೆ. ತಂತ್ರಾಂಶ ಕಣ್ಣಿಗೆ ಕಾಣುವಂತೆ ಸುಧಾರಿಸಿದ್ದು 2024ರಿಂದೀಚೆಗೆ. ಅಂದರೆ ಸರಕು ಕಚ್ಚಾ ಇದ್ದಾಗ ಬೆಲೆ ಮುಗಿಲಿಗೇರಿತ್ತು, ಪಕ್ವವಾಗುತ್ತ ಬಂದಂತೆ ಬೆಲೆ ಇಳಿಯಿತು. 15,000 ಡಾಲರ್ ಕೊಟ್ಟವರ ಹಣವನ್ನು 99 ಡಾಲರ್‌ನ ಚಂದಾಕ್ಕೆ ಹಂಚಿದರೆ 151 ತಿಂಗಳು, ಹನ್ನೆರಡೂವರೆ ವರ್ಷ ಬರುತ್ತದೆ. 8,000 ಡಾಲರ್ ಕೊಟ್ಟವರಿಗೂ ಹಣ ಸಮವಾಗಲು ಆರೂ ಮುಕ್ಕಾಲು ವರ್ಷ ಅದೇ ಕಾರನ್ನು ಇಟ್ಟುಕೊಳ್ಳಬೇಕು.

ಅಷ್ಟು ವರ್ಷ ಇಟ್ಟುಕೊಂಡರೂ ಇನ್ನೊಂದು ತೊಡಕು. ತಂತ್ರಾಂಶ ಬೆಳೆಯಿತು, ಕಾರಿನೊಳಗಿನ ಕಂಪ್ಯೂಟರ್ ಬೆಳೆಯಲಿಲ್ಲ. 2019ರಿಂದ ಕೆಲವು ವರ್ಷ ಮಾರಾಟವಾದ ಕಾರುಗಳಲ್ಲಿರುವುದು ಹಾರ್ಡ್‌ವೇರ್ 3 ಎಂಬ ಕಂಪ್ಯೂಟರ್. ಈ ತಂತ್ರಾಂಶ ಕೊಂಡವರ ಕಾರಿನಲ್ಲಿ ಅದನ್ನು ಬದಲಿಸಿಕೊಡಬೇಕಾಗುತ್ತದೆ ಎಂದು 2025ರ ಜನವರಿಯಲ್ಲಿ ಮಸ್ಕ್ ಅವರೇ ಒಪ್ಪಿಕೊಂಡರು. ‘ಬೇಕಾದ ಯಂತ್ರಭಾಗಗಳೆಲ್ಲ ಇವೆ’ ಎಂದ 2016ರ ಮಾತನ್ನು ನಂಬಿ ಹಣ ಕಟ್ಟಿದವರಿಗೆ ಈ ಒಪ್ಪಿಗೆ ಬಂದದ್ದು ಎಂಟು ವರ್ಷದ ನಂತರ. ಮೇಲಾಗಿ ಕೊಂಡ ತಂತ್ರಾಂಶ ಆ ಕಾರಿಗೆ ಅಂಟಿಕೊಂಡಿರುತ್ತದೆ. ಕಾರು ಬದಲಿಸಿದಾಗ ಹೊಸ ಕಾರಿಗೆ ವರ್ಗಾಯಿಸಿಕೊಳ್ಳಲು ಕಂಪನಿ ಆಗೊಮ್ಮೆ ಈಗೊಮ್ಮೆ ಬಿಟ್ಟಿತೇ ಹೊರತು ಅದನ್ನು ಗ್ರಾಹಕರ ಹಕ್ಕಾಗಿ ಮಾಡಲಿಲ್ಲ.

ಕೊಂಡವರ ಮಾತೂ ಸುಳ್ಳಲ್ಲ

ಹಾಗೆಂದು ಇದನ್ನು ಬಳಸುವವರೆಲ್ಲ ಮೋಸಹೋದವರು ಎಂದರೆ ತಪ್ಪಾಗುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಟೆಸ್ಲಾ ಇಟ್ಟುಕೊಂಡವರಿಗೆ ಕೊರತೆಯಿಲ್ಲ. ದಿನಾ ಒಂದೊಂದು ಗಂಟೆ ಹೆದ್ದಾರಿಯಲ್ಲಿ ತೆವಳುವವರಿಗೆ ಬ್ರೇಕು, ಆಕ್ಸಿಲರೇಟರ್, ಬ್ರೇಕು ಎಂಬ ಜಪದಿಂದ ಬಿಡುಗಡೆ ಸಿಕ್ಕರೆ ಅದರ ಬೆಲೆ ಅವರಿಗೇ ಗೊತ್ತು. ವಯಸ್ಸಾದವರಿಗೆ, ಮಂಡಿನೋವಿನವರಿಗೆ ಇದು ನಿಜವಾದ ನೆರವು. 2024ರಲ್ಲಿ ಕಂಪನಿ, ಎಂಜಿನಿಯರ್‌ಗಳು ಕೈಯಾರೆ ಬರೆದ ನಿಯಮಗಳನ್ನು ಬದಿಗಿಟ್ಟು, ಲಕ್ಷಾಂತರ ವಿಡಿಯೊ ನೋಡಿ ಕಲಿತ ನ್ಯೂರಲ್ ನೆಟ್‌ವರ್ಕ್‌ಗೆ ಚಾಲನೆಯನ್ನು ಒಪ್ಪಿಸಿತು. ಅಂದಿನಿಂದ ಓಟ ಮನುಷ್ಯರ ಓಟದ ಹಾಗೆ ನಯವಾಯಿತು.

ಅಲ್ಲಿನವರಿಗೆ ತಿಂಗಳ ಚಂದಾ ಒಳ್ಳೆಯದೇ. ದೂರ ಪ್ರಯಾಣವಿರುವ ತಿಂಗಳು ಕಟ್ಟಿ, ಬೇಡವಾದ ತಿಂಗಳು ನಿಲ್ಲಿಸಬಹುದು. ಹೀಗೆ ಕೊಡುವ ಹಣ ಇವತ್ತು ಆಗುವ ಕೆಲಸಕ್ಕೆ, ನಾಳೆಯ ಮಾತಿಗೆ ಅಲ್ಲ.

ಸುರಕ್ಷತೆಯ ವಾದ ಬಂದಾಗ ಮಾತ್ರ ಎಚ್ಚರ ಬೇಕು. ಪ್ರತಿ ಅಪಘಾತಕ್ಕೆ ತಮ್ಮ ಕಾರು ಎಷ್ಟು ಲಕ್ಷ ಮೈಲಿ ಓಡುತ್ತದೆ ಎಂಬ ಲೆಕ್ಕವನ್ನು ಟೆಸ್ಲಾ ಪ್ರಕಟಿಸುತ್ತದೆ, ಅದು ಅಮೆರಿಕದ ಸರಾಸರಿಗಿಂತ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಸರಾಸರಿಯಲ್ಲಿ ಇಪ್ಪತ್ತು ವರ್ಷದ ಹಳೆಯ ಕಾರುಗಳೂ ಸೇರಿವೆ. ಜೊತೆಗೆ ಯಂತ್ರ ತಪ್ಪಲು ಹೊರಟಾಗ ಸ್ಟೇರಿಂಗ್ ಕಿತ್ತುಕೊಂಡು ಉಳಿಸಿದ ಮನುಷ್ಯರ ಶ್ರಮವೂ ಯಂತ್ರದ ಖಾತೆಗೇ ಜಮೆಯಾಗುತ್ತದೆ. ಅಮೆರಿಕದ ಸರ್ಕಾರಿ ಹೆದ್ದಾರಿ ಸುರಕ್ಷತಾ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಸುಮಾರು 29 ಲಕ್ಷ ಟೆಸ್ಲಾ ಕಾರುಗಳ ಮೇಲೆ ತನಿಖೆ ಆರಂಭಿಸಿದ್ದು ಇದೇ ತಂತ್ರಾಂಶ ಕೆಂಪು ದೀಪ ದಾಟಿದ, ತಪ್ಪು ಲೇನಿಗೆ ನುಗ್ಗಿದ ದೂರುಗಳಿಂದಾಗಿ.

ಹಾಗಾದರೆ ಚಾಲಕನೇ ಇಲ್ಲದ ಕಾರು ಸುಳ್ಳೇ? ಅಲ್ಲ. ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲಿಸ್‌ನಲ್ಲಿ ಗೂಗಲ್ ಬಳಗದ ವೇಮೊ ಕಾರುಗಳು ಚಾಲಕನ ಸೀಟು ಖಾಲಿ ಬಿಟ್ಟೇ ಓಡುತ್ತಿವೆ. ಅವುಗಳಲ್ಲಿ ಕ್ಯಾಮೆರಾ ಜೊತೆಗೆ ರಾಡಾರ್, ಲೇಸರ್ ಕಣ್ಣುಗಳಿವೆ, ಮೊದಲೇ ಅಳೆದಿಟ್ಟ ನಗರದ ನಕ್ಷೆಯಿದೆ. ವೇಮೊ ಮಾರುವುದು ಸವಾರಿಯನ್ನು, ಕಾರಿನ ಸೌಲಭ್ಯವನ್ನಲ್ಲ. ಸವಾರಿ ಕೆಟ್ಟರೆ ಉತ್ತರ ಕೊಡಬೇಕಾದದ್ದು ಕಂಪನಿ. ಟೆಸ್ಲಾ ಕೂಡ 2025ರ ಜೂನ್‌ನಲ್ಲಿ ಆಸ್ಟಿನ್ ನಗರದಲ್ಲಿ ರೋಬೊಟ್ಯಾಕ್ಸಿ ಆರಂಭಿಸಿದಾಗ ಪಕ್ಕದ ಸೀಟಿನಲ್ಲಿ ತನ್ನ ಸಿಬ್ಬಂದಿಯನ್ನು ಕೂರಿಸಿತ್ತು.

ಓಡಿಸುವುದಕ್ಕಿಂತ ಕಾಯುವುದು ಕಷ್ಟ

ಯಂತ್ರ ಓಡಿಸಲಿ, ಮನುಷ್ಯ ನೋಡಿಕೊಳ್ಳಲಿ ಎಂಬ ಏರ್ಪಾಡು ಕೇಳಲು ಸುಲಭ. ಮನುಷ್ಯರ ಮನಸ್ಸು ಅದಕ್ಕೆ ಒಗ್ಗಿದ್ದಲ್ಲ. ರಾಡಾರ್ ಪರದೆ ಕಾಯುವ ಸೈನಿಕರು ಗುರಿಗಳನ್ನು ಏಕೆ ತಪ್ಪಿಸಿಕೊಳ್ಳುತ್ತಾರೆ ಎಂದು ಬ್ರಿಟಿಷ್ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ಥ್ ಪರೀಕ್ಷೆ ನಡೆಸಿದ್ದರು. ಗಡಿಯಾರದಂಥ ಫಲಕದ ಮೇಲೆ ಮುಳ್ಳು ಒಂದೊಂದೇ ಹೆಜ್ಜೆ ಸರಿಯುತ್ತಿರುತ್ತದೆ. ಎಂದೋ ಒಮ್ಮೆ ಎರಡು ಹೆಜ್ಜೆ ಜಿಗಿದಾಗ ಗುಂಡಿ ಒತ್ತಬೇಕು, ಅಷ್ಟೇ. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಅರ್ಧ ಗಂಟೆಯೊಳಗೇ ಗಮನ ಗಣನೀಯವಾಗಿ ಕುಸಿಯುತ್ತಿತ್ತು. ಬೆಂಗಳೂರಿನಿಂದ ಹೊರಟವರು ಆ ಹೊತ್ತಿಗೆ ರಾಮನಗರವನ್ನೂ ಮುಟ್ಟಿರುವುದಿಲ್ಲ.

2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಇದರ ಪರಿಣಾಮ ಕಂಡಿತು. ಊಬರ್‌ನ ಪ್ರಾಯೋಗಿಕ ಸ್ವಯಂಚಾಲಿತ ವೋಲ್ವೊ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಆಕೆ ಸತ್ತರು. ತನಿಖೆಯಿಂದ ತಿಳಿದಂತೆ, ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಕಾರಿನ ಯಂತ್ರ ಆಕೆಯನ್ನು ಗುರುತಿಸಿತ್ತು. ಇದು ವಾಹನವೇ, ಸೈಕಲ್ಲೇ, ಬೇರೇನಾದರೂ ವಸ್ತುವೇ ಎಂದು ನಿರ್ಧಾರ ಬದಲಿಸುತ್ತಲೇ ಹೋಯಿತು. ಕಾವಲಿಗೆ ಕುಳಿತ ಚಾಲಕಿಯ ಕಣ್ಣು ಮೊಬೈಲ್ ಪರದೆಯ ಮೇಲಿತ್ತು. ಎದೆ ಕಲಕುವ ಸಂಗತಿ ಇನ್ನೊಂದಿದೆ. ಆ ವೋಲ್ವೊದಲ್ಲಿ ಕಾರ್ಖಾನೆಯವರೇ ಕೂರಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆ ಇತ್ತು. ಸ್ವಯಂಚಾಲನೆಯ ಪ್ರಯೋಗಕ್ಕಾಗಿ ಅದನ್ನು ನಿಷ್ಕ್ರಿಯ ಮಾಡಲಾಗಿತ್ತು.

ಗುದ್ದಿದರೆ ಯಾರ ಹೊಣೆ?

ಟೆಂಪಿ ಪ್ರಕರಣದಲ್ಲಿ ಕ್ರಿಮಿನಲ್ ಮೊಕದ್ದಮೆ ಎದುರಿಸಿದ್ದು ಕಾವಲಿಗಿದ್ದ ಚಾಲಕಿ, ಕಂಪನಿಯ ಮೇಲೆ ಮೊಕದ್ದಮೆ ಹೂಡಲಿಲ್ಲ. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡರು. ಇತ್ತೀಚೆಗೆ ನ್ಯಾಯಾಲಯಗಳ ನೋಟ ಸ್ವಲ್ಪ ಬದಲಾಗುತ್ತಿದೆ. ಫ್ಲಾರಿಡಾದಲ್ಲಿ 2019ರಲ್ಲಿ ಆಟೊಪೈಲಟ್ ಹಾಕಿಕೊಂಡು ಹೋಗುತ್ತಿದ್ದ ಚಾಲಕ, ಕೈಜಾರಿ ಬಿದ್ದ ಫೋನ್ ಎತ್ತಿಕೊಳ್ಳಲು ಬಗ್ಗಿದಾಗ ಕಾರು ಅಡ್ಡರಸ್ತೆ ದಾಟಿ ನಿಂತಿದ್ದ ವಾಹನಕ್ಕೆ ಅಪ್ಪಳಿಸಿ ಯುವತಿಯೊಬ್ಬಳು ಸತ್ತಿದ್ದಳು. 2025ರ ಆಗಸ್ಟ್‌ನಲ್ಲಿ ಮಯಾಮಿಯ ಜ್ಯೂರಿ ಮೂರರಲ್ಲಿ ಒಂದು ಪಾಲು ಹೊಣೆಯನ್ನು ಟೆಸ್ಲಾ ಮೇಲೆ ಹೊರಿಸಿ, ದಂಡನಾ ಪರಿಹಾರವೂ ಸೇರಿ ಸುಮಾರು 24.3 ಕೋಟಿ ಡಾಲರ್ ಕೊಡಬೇಕೆಂದಿತು. ಮೂರರಲ್ಲಿ ಎರಡು ಪಾಲು ಹೊಣೆ ಚಾಲಕನದ್ದೇ ಆಗಿ ಉಳಿಯಿತು.

ಮರ್ಸಿಡಿಸ್ ಬೆಂಜ್ ಬೇರೆ ದಾರಿ ಹಿಡಿದಿತ್ತು. ಅದರ ಡ್ರೈವ್ ಪೈಲಟ್ ಜರ್ಮನಿಯಲ್ಲಿ 2022ರಲ್ಲಿ ಬಂದ ಲೆವೆಲ್ 3 ವ್ಯವಸ್ಥೆ. ಹೆದ್ದಾರಿಯ ದಟ್ಟಣೆಯಲ್ಲಿ, ಆರಂಭದಲ್ಲಿ ಗಂಟೆಗೆ 60 ಕಿಲೋಮೀಟರ್‌ವರೆಗೆ ಮಾತ್ರ ಅದು ಓಡಿಸುತ್ತಿತ್ತು. ಅಷ್ಟು ಹೊತ್ತು ವ್ಯವಸ್ಥೆಯ ತಪ್ಪಿಗೆ ತಾನೇ ಹೊಣೆ ಎಂದು ಕಂಪನಿ ಹೇಳಿತ್ತು. ಅಮೆರಿಕದಲ್ಲಿ ಇದಕ್ಕೆ ವರ್ಷಕ್ಕೆ 2,500 ಡಾಲರ್ ಚಂದಾ ಇಟ್ಟಿತು. ಕಂಪನಿಯೊಂದು ನಿಜವಾಗಿ ಹೊಣೆ ಹೊರಲು ಹೊರಟರೆ ಎಷ್ಟು ಷರತ್ತು ಹಾಕಬೇಕಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಎಲ್ಲ ರಸ್ತೆಯಲ್ಲೂ, ಎಲ್ಲ ಹೊತ್ತಿನಲ್ಲೂ ಓಡಿಸುತ್ತೇನೆ ಎನ್ನುವ ವ್ಯವಸ್ಥೆ ಹೊಣೆಯನ್ನು ಮಾತ್ರ ನಿಮ್ಮ ಬಳಿಯೇ ಬಿಡುತ್ತಿದ್ದರೆ, ತನ್ನ ಕೆಲಸದ ಮೇಲೆ ಅದಕ್ಕೇ ಎಷ್ಟು ನಂಬಿಕೆ ಇದೆ ಎಂದು ಕೇಳಲೇಬೇಕು.

ಭಾರತದಲ್ಲಂತೂ ಈ ಪ್ರಶ್ನೆಗೆ ಸದ್ಯಕ್ಕೆ ಒಂದೇ ಉತ್ತರ. 1988ರ ಮೋಟಾರು ವಾಹನ ಕಾಯ್ದೆ ಚಾಲಕ ಎಂದರೆ ಮನುಷ್ಯ ಎಂದೇ ಭಾವಿಸಿ ಬರೆದದ್ದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅನ್ವಯವಾಗುವುದು ಸ್ಟೇರಿಂಗ್ ಹಿಂದೆ ಕುಳಿತವರಿಗೆ. ಚಾಲಕರಹಿತ ಕಾರು ಬಂದರೆ ಲಕ್ಷಾಂತರ ಚಾಲಕರ ಹೊಟ್ಟೆಪಾಡು ಹೋಗುತ್ತದೆ, ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಹಲವು ಬಾರಿ ಹೇಳಿದ್ದಾರೆ. ಆರು ಲಕ್ಷದ ಮಾತನ್ನು ಈ ಹಿನ್ನೆಲೆಯಲ್ಲಿಟ್ಟು ತೂಗಬೇಕು.

ಪುರಾವೆ ಇರುವುದು ಬ್ರೇಕಿನ ಪರವಾಗಿ

ಅಮೆರಿಕದ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ತುರ್ತು ಬ್ರೇಕ್, ಅರೆ ಸ್ವಯಂಚಾಲನೆ ಎರಡನ್ನೂ ಬೇರೆ ಬೇರೆಯಾಗಿ ಪರಿಶೀಲಿಸಿದೆ. ಪರಿಹಾರದ ಹಣ ಕಟ್ಟುವವರೇ ನಡೆಸುವ ಸಂಸ್ಥೆಯಾದ್ದರಿಂದ ಅದರ ಲೆಕ್ಕಕ್ಕೆ ತೂಕ ಹೆಚ್ಚು. ತುರ್ತು ಬ್ರೇಕ್ ಇರುವ ಕಾರುಗಳಲ್ಲಿ, ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಸ್ಟೇರಿಂಗ್, ವೇಗ ಎರಡನ್ನೂ ಯಂತ್ರ ನೋಡಿಕೊಳ್ಳುವ ಅರೆ ಸ್ವಯಂಚಾಲನೆಯಿಂದ ಅಪಘಾತ ಕಡಿಮೆಯಾಗುತ್ತದೆ ಎಂಬುದಕ್ಕೆ 2024ರ ಅಧ್ಯಯನದಲ್ಲಿ ಪುರಾವೆ ಸಿಗಲಿಲ್ಲ. ಅದೇ ವರ್ಷ ಸಂಸ್ಥೆ ಅಂಥ 14 ವ್ಯವಸ್ಥೆಗಳು ಚಾಲಕನನ್ನು ಎಚ್ಚರವಾಗಿಡುತ್ತವೆಯೇ ಎಂದು ನೋಡಿದಾಗ ತಕ್ಕಮಟ್ಟಿಗೆ ಪಾಸಾದದ್ದು ಒಂದೇ ಒಂದು, 11 ಕಳಪೆ.

ಕಾರಣ ಸರಳ. ತುರ್ತು ಬ್ರೇಕ್ ಮನುಷ್ಯನ ಗಮನದ ಜೊತೆಗೆ ಇನ್ನೊಂದು ಗಮನವನ್ನು ಸೇರಿಸುತ್ತದೆ. ಅರೆ ಸ್ವಯಂಚಾಲನೆ ಮನುಷ್ಯನ ಗಮನವನ್ನು ಸಡಿಲಿಸಿ, ಅದರ ಜಾಗದಲ್ಲಿ ಯಂತ್ರದ ಗಮನವನ್ನು ಇಡುತ್ತದೆ. ಕೂಡಿದ್ದಕ್ಕೂ ಬದಲಿಸಿದ್ದಕ್ಕೂ ಫಲ ಒಂದೇ ಆಗದು.

ನಮ್ಮ ರಸ್ತೆಯಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ

ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ವೇಗದ ಮಿತಿ 100 ಕಿಲೋಮೀಟರ್. ಲೇನಿನ ಗೆರೆಗಳು ಸ್ಪಷ್ಟವಾಗಿವೆ. ಅಲ್ಲಿ ಅಂತರ ಕಾಯುವ ಕ್ರೂಸ್ ಕಂಟ್ರೋಲ್ ಚೆನ್ನಾಗಿ ಕೆಲಸ ಮಾಡುತ್ತದೆ, ಕಾಲಿನ ದಣಿವು ತಗ್ಗುತ್ತದೆ. ಆ ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತದೆ. ಹಿಂದಿನ ಸೀಟಿನ ಮಗುವಿನ ಕಡೆ ಎರಡು ಸೆಕೆಂಡ್ ತಿರುಗಿದರೆ 56 ಮೀಟರ್ ಕಣ್ಣು ಮುಚ್ಚಿ ಹೋದಂತೆ. ತುರ್ತು ಬ್ರೇಕ್ ತನ್ನ ಬೆಲೆಯನ್ನು ತೀರಿಸುವುದು ಅಂಥ ಎರಡು ಸೆಕೆಂಡಿನಲ್ಲಿ.

ಅದೇ ಕಾರು ಸಿಲ್ಕ್‌ಬೋರ್ಡ್ ಕಡೆಗೆ ಬರಲಿ. ಕ್ರೂಸ್ ಕಂಟ್ರೋಲ್ ಮುಂದಿನ ಗಾಡಿಗೆ ಸುರಕ್ಷಿತ ಅಂತರ ಬಿಡುತ್ತದೆ. ಬಿಟ್ಟ ಜಾಗಕ್ಕೆ ಸ್ಕೂಟರ್ ನುಗ್ಗುತ್ತದೆ. ಕಾರು ಬ್ರೇಕ್ ಹಾಕಿ ಮತ್ತೆ ಅಂತರ ಬಿಡುತ್ತದೆ. ಆಟೊ ತಲೆ ತೂರಿಸುತ್ತದೆ. ಮತ್ತೆ ಬ್ರೇಕ್, ಹಿಂದಿನವರ ಹಾರ್ನ್. ಹತ್ತು ನಿಮಿಷದಲ್ಲಿ ಚಾಲಕ ಅದನ್ನು ಆರಿಸುತ್ತಾನೆ. ನಮ್ಮ ನಗರದೊಳಗೆ ಈ ಸೌಲಭ್ಯ ಇದ್ದೂ ಇಲ್ಲದಂತೆ.

ಊರ ದಾರಿಗಳಲ್ಲಿ ತೊಡಕು ಬೇರೆ. ಬಣ್ಣ ಬಳಿಯದ ಹಂಪ್, ಅಳಿಸಿಹೋದ ಗೆರೆ, ಒಣಗಲು ಹರವಿದ ರಾಗಿ ಹುಲ್ಲು. ಮಂಡ್ಯದ ಕಡೆ ಹಿಂದೀಪವಿಲ್ಲದೆ ಸಾಗುವ ಕಬ್ಬಿನ ಟ್ರೇಲರ್ ರಾತ್ರಿ ಮನುಷ್ಯನ ಕಣ್ಣಿಗೆ ಕಾಣದಂತೆಯೇ ಕ್ಯಾಮೆರಾಕ್ಕೂ ತಡವಾಗಿ ಕಾಣಬಹುದು. ಶಿರಾಡಿ, ಆಗುಂಬೆಯ ಮಳೆ ಮಂಜಿನಲ್ಲಿ ಕ್ಯಾಮೆರಾದ ನೋಟ ಮಸುಕಾದರೆ ‘ಸದ್ಯಕ್ಕೆ ಲಭ್ಯವಿಲ್ಲ’ ಎಂಬ ಸೂಚನೆ ಬರುತ್ತದೆ, ಅಂದರೆ ನೆರವು ಹೆಚ್ಚು ಬೇಕಾದಾಗ ಅದು ಕೈಬಿಡಬಹುದು. ಇದು ವ್ಯವಸ್ಥೆಯ ಕೆಟ್ಟತನವಲ್ಲ, ಅದರ ಮಿತಿ. ಮಿತಿ ಗೊತ್ತಿರುವವರಿಗೆ ಮಾತ್ರ ಅದು ಸುರಕ್ಷಿತ.

60 ಸಾವಿರ ಮತ್ತು 6 ಲಕ್ಷ

ಭಾರತದ ಕಾರುಗಳಲ್ಲಿ ಅಡಾಸ್‌ಗೆ ಬಿಡಿ ಬೆಲೆ ಇರುವುದು ಅಪರೂಪ. ಸನ್‌ರೂಫ್, ತಂಪು ಸೀಟು, ದೊಡ್ಡ ಪರದೆಯ ಜೊತೆ ಕಟ್ಟಿ ಟಾಪ್ ಮಾಡೆಲ್‌ನಲ್ಲಿ ಇಡುತ್ತಾರೆ. ಹಾಗಾಗಿ ‘ಅಡಾಸ್‌ಗೆ ಎಷ್ಟು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದರ ಕೆಳಗಿನ ಮಾಡೆಲ್‌ಗೂ ಇದಕ್ಕೂ ವ್ಯತ್ಯಾಸ ಎಷ್ಟು, ಆ ವ್ಯತ್ಯಾಸದಲ್ಲಿ ನಮಗೆ ಬೇಡವಾದದ್ದು ಎಷ್ಟು ಎಂದು ನಾವೇ ಕಳೆಯಬೇಕು.

ಸ್ವಚ್ಛವಾದ ಒಂದು ಉದಾಹರಣೆ ಹೋಂಡಾ ಅಮೇಜ್. 2024ರ ಡಿಸೆಂಬರ್‌ನಲ್ಲಿ ಅದರ ಹೊಸ ರೂಪ ಬಂದಾಗ ನಡುವಿನ ವಿಎಕ್ಸ್ ಮಾಡೆಲ್‌ನ ಎಕ್ಸ್ ಶೋರೂಂ ಬೆಲೆ ಸುಮಾರು 9.10 ಲಕ್ಷ, ಅಡಾಸ್ ಇರುವ ಜೆಡ್‌ಎಕ್ಸ್ ಬೆಲೆ ಸುಮಾರು 9.70 ಲಕ್ಷ, ಎರಡೂ ಮ್ಯಾನುಯಲ್ ಗೇರ್‌ನವು. ವ್ಯತ್ಯಾಸ 60 ಸಾವಿರ. ಆರು ಏರ್‌ಬ್ಯಾಗ್ ಎಲ್ಲ ಮಾಡೆಲ್‌ಗಳಲ್ಲೂ ಇದ್ದುದರಿಂದ ಈ 60 ಸಾವಿರದ ಮುಖ್ಯ ಗಳಿಕೆ ಮುಂಗಾಜಿನ ಕ್ಯಾಮೆರಾ ಮತ್ತು ಅದು ನಡೆಸುವ ತುರ್ತು ಬ್ರೇಕ್, ಲೇನ್ ನೆರವು. ಹೆದ್ದಾರಿಯಲ್ಲಿ ಆಗಾಗ ಓಡಾಡುವ ಕುಟುಂಬ ಈ ಹಣವನ್ನು ಧಾರಾಳವಾಗಿ ಕೊಡಬಹುದು.

ಶೋರೂಂ ತೆರೆದಾಗ ಟೆಸ್ಲಾ ಕೇಳಿದ್ದ 6 ಲಕ್ಷವನ್ನು ಪಕ್ಕದಲ್ಲಿಟ್ಟು ನೋಡಿ. ಶೇಕಡಾ 9ರ ಬಡ್ಡಿಗೆ ಐದು ವರ್ಷದ ಸಾಲದಲ್ಲಿ ಸೇರಿಸಿದರೆ ತಿಂಗಳಿಗೆ ಸುಮಾರು 12,450 ರೂಪಾಯಿ ಕಂತು, ಒಟ್ಟು 7.47 ಲಕ್ಷ. ಮುಖ್ಯ ಮಾತೆಂದರೆ, ಟೆಸ್ಲಾ ಕಾರಿನ ತುರ್ತು ಬ್ರೇಕ್ ಈ ಹಣದೊಳಗೆ ಬರುವುದಿಲ್ಲ. ಅದು ಮೂಲ ಬೆಲೆಯಲ್ಲೇ ಇದೆ. ಜೀವ ಉಳಿಸುವ ಭಾಗ ಆರು ಲಕ್ಷದ ಹೊರಗಿದೆ, ಆರು ಲಕ್ಷದ ಒಳಗಿರುವುದು ಸುಖ ಮತ್ತು ಮಾತು. ಆ ಸುಖ ಇಲ್ಲಿನ ರಸ್ತೆಗೆ ಇಳಿಯುವ ತನಕ ಉಳಿಯುವುದು ಮಾತೊಂದೇ. ಇಂಥ ಮುಂಗಡ ಹಣ ಕೊಡಬೇಡಿ ಎಂದು ಯಾವ ಅಳುಕೂ ಇಲ್ಲದೆ ಹೇಳಬಹುದು.

ಅಡಾಸ್ ಇರುವ ಕಾರಿಗೆ ಆಮೇಲಿನ ಖರ್ಚೂ ಇದೆ. ಲಾರಿಯ ಚಕ್ರದಿಂದ ಸಿಡಿದ ಕಲ್ಲಿಗೆ ಮುಂಗಾಜು ಸೀಳಿದರೆ ಗಾಜು ಬದಲಿಸಿದರಷ್ಟೇ ಸಾಲದು, ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು. ಕೋನ ಕೂದಲೆಳೆಯಷ್ಟು ತಪ್ಪಿದರೂ ದೂರದ ವಾಹನ ಪಕ್ಕದ ಲೇನಿನಲ್ಲಿದ್ದಂತೆ ಕಾಣುತ್ತದೆ. ರಾಡಾರ್ ಇರುವ ಕಾರುಗಳಲ್ಲಿ ಮುಂದಿನ ಬಂಪರ್‌ನ ಸಣ್ಣ ತಗ್ಗೂ ದೊಡ್ಡ ಬಿಲ್ಲಾಗಬಹುದು. ಕೊಳ್ಳುವ ಮುಂಚೆ ಈ ಕೆಲಸ ನಿಮ್ಮ ಊರಿನ ಸರ್ವಿಸ್ ಸೆಂಟರ್‌ನಲ್ಲೇ ಆಗುತ್ತದೆಯೇ, ವಿಮೆ ಅದರ ಖರ್ಚನ್ನೂ ಭರಿಸುತ್ತದೆಯೇ ಎಂದು ಕೇಳಿ. ತುರ್ತು ಬ್ರೇಕ್ ಪಾದಚಾರಿಗಳನ್ನೂ ಬೈಕುಗಳನ್ನೂ ಗುರುತಿಸುತ್ತದೆಯೇ ಎಂದು ಕೇಳುವುದು ಇನ್ನೂ ಮುಖ್ಯ. ಎಲ್ಲ ಕಾರುಗಳ ಅಡಾಸ್ ಒಂದೇ ಅಲ್ಲ, ಮಾರುವವರ ಬಾಯಿಮಾತಿಗಿಂತ ಕಾರಿನ ಕೈಪಿಡಿಯಲ್ಲಿರುವ ಮಾತು ನಂಬಿಕೆಗೆ ಯೋಗ್ಯ.

ಹಣ ಕೊಡದವರ ಜೀವ

ಚೀನಾದ ಬಿವೈಡಿ 2025ರ ಫೆಬ್ರುವರಿಯಲ್ಲಿ ತನ್ನ ಅಗ್ಗದ ಸೀಗಲ್ ಕಾರಿಗೂ ಹೆಚ್ಚು ಹಣ ಪಡೆಯದೆ ಚಾಲನಾ ನೆರವನ್ನು ಸೇರಿಸಿತು. ಅಲ್ಲಿನ ಪೈಪೋಟಿಯಲ್ಲಿ ಇದು ಟಾಪ್ ಮಾಡೆಲ್‌ನ ಆಭರಣವಾಗಿ ಉಳಿಯುವ ಕಾಲ ಮುಗಿಯುತ್ತಿದೆ. ಮರುತಿಂಗಳೇ ಅನ್ಹುಯಿ ಪ್ರಾಂತ್ಯದ ಹೆದ್ದಾರಿಯಲ್ಲಿ ನೆರವಿನ ಚಾಲನೆಯಲ್ಲಿದ್ದ ಷವೊಮಿ ಕಾರು ಅಪಘಾತಕ್ಕೀಡಾಗಿ ಮೂವರು ವಿದ್ಯಾರ್ಥಿನಿಯರು ಸತ್ತರು. ಏಪ್ರಿಲ್‌ನಲ್ಲಿ ಚೀನಾ ಸರ್ಕಾರ ಜಾಹೀರಾತಿನಲ್ಲಿ ‘ಸ್ವಯಂಚಾಲನೆ’ಯಂಥ ಪದಗಳಿಗೆ ಕಡಿವಾಣ ಹಾಕಿತು. ಕ್ಯಾಲಿಫೋರ್ನಿಯಾದಲ್ಲೂ ಟೆಸ್ಲಾದ ‘ಆಟೊಪೈಲಟ್’ ಹೆಸರು ಗ್ರಾಹಕರನ್ನು ದಾರಿ ತಪ್ಪಿಸುವಂಥದ್ದು ಎಂಬ ತೀರ್ಮಾನ 2025ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಭಾರತದ ಶೋರೂಂ ಭಾಷೆಗೂ ಇಂಥ ಅಂಕುಶ ಬೇಕು.

ಯುರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ತುರ್ತು ಬ್ರೇಕ್ ಕಡ್ಡಾಯ. ಅಮೆರಿಕದಲ್ಲಿ 2029ರ ಸೆಪ್ಟೆಂಬರ್‌ಗೆ ಕಡ್ಡಾಯ ಮಾಡುವ ನಿಯಮ ಬಂದಿದೆ. ಸೀಟ್ ಬೆಲ್ಟಿನ ಹಾಗೆ ತುರ್ತು ಬ್ರೇಕ್ ಕೂಡ ಐಚ್ಛಿಕವಾಗಿರಬಾರದು ಎಂಬುದು ಅದರ ಹಿಂದಿನ ತರ್ಕ. ಭಾರತದಲ್ಲಿ ಈ ತರ್ಕಕ್ಕೆ ಇನ್ನೂ ಹೆಚ್ಚಿನ ಬಲವಿದೆ. 2022ರಲ್ಲಿ ಇಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕಾರಿನ ತುರ್ತು ಬ್ರೇಕ್ ಅಂಥವರ ಜೀವವನ್ನೂ ಉಳಿಸಬಲ್ಲದು. ಅದು ಇರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಮಾತ್ರ ಕಾರಿನೊಳಗೆ ಕುಳಿತು, ಸನ್‌ರೂಫ್ ಜೊತೆ ತೂಗಿ ನೋಡುವವರು.

2025ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತುರ್ತು ಬ್ರೇಕ್, ಚಾಲಕನ ತೂಕಡಿಕೆಯ ಎಚ್ಚರಿಕೆ, ಲೇನ್ ತಪ್ಪಿದ ಎಚ್ಚರಿಕೆಗಳನ್ನು ಕಡ್ಡಾಯ ಮಾಡುವ ಕರಡು ನಿಯಮ ಹೊರಡಿಸಿತು. ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ವಾಹನಗಳು, ಬಸ್ಸುಗಳು, ಲಾರಿಗಳು ಅದರಲ್ಲಿವೆ. ಕಾರುಗಳ ಹೆಸರು ಆ ಕರಡಿನಲ್ಲಿಲ್ಲ.